ಗಟ್ಟಿ ಎಂಜಿನ್, ಕೆಟ್ಟ ಸೆನ್ಸರ್

ಎರೆಭೂಮಿಯ ಒಕ್ಕಲುತನದಲ್ಲಿ ‘ಹದ’ ಎಂಬ ಮಾತಿಗಿರುವ ತೂಕ ಇನ್ನಾವ ಮಾತಿಗೂ ಇಲ್ಲ. ಮಳೆ ಬಿದ್ದ ಮರುದಿನ ಹೊಲಕ್ಕೆ ಕಾಲಿಡಲಾಗದು. ಹೆಚ್ಚು ದಿನ ಬಿಟ್ಟರೆ ನೆಲ ಬಿರಿದು ಕಲ್ಲಾಗುತ್ತದೆ. ಇವೆರಡರ ನಡುವೆ ಸಿಗುವ ಕೆಲವೇ ದಿನಗಳಲ್ಲಿ ಮುಂಗಾರಿಯ ಹೆಸರನ್ನು, ಹಿಂಗಾರಿಯ ಜೋಳ-ಕಡಲೆಯನ್ನು ಬಿತ್ತಿ ಮುಗಿಸಬೇಕು. ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ತಾಲ್ಲೂಕುಗಳ ರೈತನಿಗೆ ಈ ದಿನಗಳ ಬೆಲೆ ಎತ್ತು ಇದ್ದ ಕಾಲದಲ್ಲಿಯೂ ಗೊತ್ತಿತ್ತು, ಎತ್ತಿನ ಜಾಗಕ್ಕೆ ಎಂಜಿನ್ ಬಂದ ಮೇಲೂ ಗೊತ್ತಿದೆ. ಬದಲಾಗಿರುವುದು ಕೆಲಸ ನಿಲ್ಲುವ ಬಗೆ. ಮೊದಲು ಎಂಜಿನ್ ನಿಂತರೆ ಏನಾದರೊಂದು ಮುರಿದಿರುತ್ತಿತ್ತು, ಸೋರುತ್ತಿತ್ತು, ಸುಟ್ಟ ವಾಸನೆ ಬರುತ್ತಿತ್ತು. ಈಗ ಏನೂ ಮುರಿಯದೆ, ಸೋರದೆ, ಡ್ಯಾಶ್‌ಬೋರ್ಡಿನ ಮೇಲೊಂದು ಹಳದಿ ದೀಪ ಹೊತ್ತಿಕೊಂಡು, ಬೀಜ-ಗೊಬ್ಬರ ಹೇರಿದ ಗಾಡಿ ಏರುದಾರಿಯಲ್ಲಿ ಉಸಿರು ಬಿಟ್ಟು ನಿಲ್ಲುತ್ತದೆ.

‘ಸಾಹೇಬ್ರ, ಎಂಜಿನ್ನಿಗೆ ಏನೂ ಆಗಿಲ್ರಿ. ಅದಕ್ಕ ಸುದ್ದಿ ಹೇಳಾಂವ ಕೆಟ್ಟಾನ್ರಿ’ ಎಂದು ಬೆಟಗೇರಿಯ ಮೆಕ್ಯಾನಿಕ್ ಒಬ್ಬರು ನನಗೊಮ್ಮೆ ಹೇಳಿದ್ದರು. ಈ ವಿಷಯವಾಗಿ ನಾನು ಓದಿದ ಯಾವ ತಾಂತ್ರಿಕ ಬರಹವೂ ಇದಕ್ಕಿಂತ ನಿಖರವಾಗಿರಲಿಲ್ಲ. ಇಂದಿನ ಎಂಜಿನ್ನಿನ ಮೈತುಂಬ ಸುದ್ದಿ ಹೇಳುವವರಿದ್ದಾರೆ. ಕ್ರ್ಯಾಂಕ್ ದಂಡ ಯಾವ ಕೋನದಲ್ಲಿದೆ, ಎಷ್ಟು ವೇಗದಲ್ಲಿ ತಿರುಗುತ್ತಿದೆ, ಒಳಕ್ಕೆ ಎಷ್ಟು ಗಾಳಿ ಹೋಗುತ್ತಿದೆ, ಅದರ ಒತ್ತಡವೆಷ್ಟು, ರೇಡಿಯೇಟರಿನ ನೀರು ಎಷ್ಟು ಬಿಸಿಯಾಗಿದೆ, ಚಾಲಕನ ಪಾದ ಪೆಡಲನ್ನು ಎಷ್ಟು ಒತ್ತಿದೆ, ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ - ಇವನ್ನೆಲ್ಲ ಅಳೆದು ತಂತಿಯ ಮೂಲಕ ಇಸಿಯು ಎಂಬ ಪುಟ್ಟ ಗಣಕಕ್ಕೆ ತಿಳಿಸುವ ಸಾಧನಗಳೇ ಸೆನ್ಸರ್‌ಗಳು. ಪಠ್ಯಪುಸ್ತಕದಲ್ಲಿ ಇದಕ್ಕೆ ಸಂವೇದಕ ಎಂಬ ಹೆಸರಿದೆ. ಗ್ಯಾರೇಜಿನಲ್ಲಿ ಯಾರೂ ಹಾಗೆನ್ನುವುದಿಲ್ಲ. ಗಣಕವು ಈ ಸುದ್ದಿಗಳನ್ನೆಲ್ಲ ಕೂಡಿಸಿ, ಯಾವ ಗಳಿಗೆಯಲ್ಲಿ ಎಷ್ಟು ಇಂಧನ ಸಿಂಪಡಿಸಬೇಕೆಂದು ತೀರ್ಮಾನಿಸುತ್ತದೆ. ಸುದ್ದಿ ತಪ್ಪಿದರೆ ತೀರ್ಮಾನವೂ ತಪ್ಪುತ್ತದೆ.

ಈ ಬದಲಾವಣೆ ಒಂದೇ ದಿನದಲ್ಲಿ ಆದುದಲ್ಲ. ಬಿಎಸ್-4 ಮಾನದಂಡ 2017ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಅನ್ವಯವಾಯಿತು. ಐದನೆಯ ಮೆಟ್ಟಿಲನ್ನು ಬಿಟ್ಟು 2020ರ ಏಪ್ರಿಲ್ 1ರಂದು ನಾವು ನೇರವಾಗಿ ಬಿಎಸ್-6ಕ್ಕೆ ಜಿಗಿದೆವು. ಡೀಸೆಲ್ಲಿನಲ್ಲಿರಬಹುದಾದ ಗಂಧಕದ ಮಿತಿ ದಶಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. 2023ರ ಏಪ್ರಿಲ್‌ನಲ್ಲಿ ಬಂದ ಎರಡನೆಯ ಹಂತ, ಗಾಡಿಯು ರಸ್ತೆಯ ಮೇಲೆ ಓಡುವಾಗ ತನ್ನ ಹೊಗೆಯನ್ನು ತಾನೇ ಗಮನಿಸಿಕೊಳ್ಳುವ ವ್ಯವಸ್ಥೆಯನ್ನು ಇನ್ನಷ್ಟು ಬಿಗಿಗೊಳಿಸಿತು. ಜೆಸಿಬಿಯಂತಹ ಯಂತ್ರಗಳಿಗೆ 2021ರ ಏಪ್ರಿಲ್‌ನಿಂದ, 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ, ಜನರೇಟರ್‌ಗಳಿಗೆ 2023ರ ಜುಲೈನಿಂದ ಹೊಸ ಮಿತಿಗಳು ಬಂದವು. ನಮ್ಮ ರೈತರ ಮನೆಯ ಸಾಮಾನ್ಯ ಟ್ರ್ಯಾಕ್ಟರ್ ಈಗಲೂ ಬಹುಮಟ್ಟಿಗೆ ಹಳೆಯ ಯಾಂತ್ರಿಕ ಪಂಪಿನದೇ. ಆದರೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಶೇಂಗಾ ಹೇರಿಕೊಂಡು ಗದಗಿನ ಎಪಿಎಂಸಿಗೆ ಬರುವ ಹೊಸ ಗೂಡ್ಸ್ ಗಾಡಿ, ರೈತ ಕುಳಿತು ಬರುವ ಹೊಸ ಬಸ್ಸು, ಅವನ ಮಗನ ಬೈಕು, ಹೆರಿಗೆಗೆಂದು ಸೊಸೆಯನ್ನು ಜಿಲ್ಲಾ ಆಸ್ಪತ್ರೆಗೆ ಕರೆತರುವ ಆಂಬುಲೆನ್ಸು - ಇವೆಲ್ಲ ಸೆನ್ಸರ್ ಮಾತು ಕೇಳಿ ನಡೆಯುವ ಎಂಜಿನ್ನುಗಳು. ಬ್ಯಾಟರಿ ಸತ್ತ ಹಳೆಯ ಕಾರ್ಬ್ಯುರೇಟರ್ ಬೈಕನ್ನು ಇಬ್ಬರು ಹುಡುಗರು ತಳ್ಳಿ ಚಾಲು ಮಾಡುತ್ತಿದ್ದರು. ಇಂಧನ ಚುಚ್ಚುವ ಹೊಸ ಬೈಕಿನಲ್ಲಿ ಪಂಪು, ಗಣಕ ಎರಡಕ್ಕೂ ವಿದ್ಯುತ್ ಬೇಕಾದುದರಿಂದ ಊರವರೆಲ್ಲ ಸೇರಿ ತಳ್ಳಿದರೂ ಸಾಮಾನ್ಯವಾಗಿ ಪ್ರಯೋಜನವಾಗುವುದಿಲ್ಲ.

ಹಾಗೆಂದು ಅಳೆದು ನಡೆಯುವ ಎಂಜಿನ್ ಹೊಸ ಕಲ್ಪನೆಯೇನೂ ಅಲ್ಲ. ಜೇಮ್ಸ್ ವ್ಯಾಟ್ 1788ರಲ್ಲಿ ಉಗಿಯಂತ್ರಕ್ಕೆ ಜೋಡಿಸಿದ ಗವರ್ನರ್‌ನಲ್ಲಿ ಎರಡು ಗುಂಡುಗಳು ವೇಗ ಹೆಚ್ಚಿದಂತೆ ಹೊರಕ್ಕೆ ಚಾಚಿ ಉಗಿಯ ದಾರಿಯನ್ನು ಕಿರಿದುಗೊಳಿಸುತ್ತಿದ್ದವು. ಮುಂಡರಗಿ ಸೀಮೆಯಲ್ಲಿ ತುಂಗಭದ್ರೆಯ ದಂಡೆಗೆ ವಿದ್ಯುತ್ ಪಂಪು ಬರುವ ಮೊದಲು ನೀರೆತ್ತುತ್ತಿದ್ದ ಡೀಸೆಲ್ ಎಂಜಿನ್ನುಗಳ ವೇಗವನ್ನು ಕಾಯುತ್ತಿದ್ದುದೂ ಇದೇ ತತ್ತ್ವ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿ, ಬೆಳಗಾವಿಯ ಸೈಕಲ್ ಅಂಗಡಿಯಿಂದ ಉದ್ಯಮಕ್ಕಿಳಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿಯನ್ನು ಕಟ್ಟಿತು. ಅಂತಹ ಎಂಜಿನ್ನಿನಲ್ಲಿ ಅಳೆಯುವವನು, ತೀರ್ಮಾನಿಸುವವನು, ಮಾಡುವವನು ಮೂವರೂ ಒಂದೇ ಕಬ್ಬಿಣದ ಮೈ. ಅದು ಕೆಡುವುದಾದರೆ ಸವೆದು, ನಿಧಾನವಾಗಿ ಕೆಡುತ್ತಿತ್ತು. ಸದ್ದು ಏರಿಳಿಯತೊಡಗಿದಾಗಲೇ ಕಿವಿಗೆ ಗೊತ್ತಾಗುತ್ತಿತ್ತು. ಈಗ ಮೂವರೂ ಬೇರೆ ಬೇರೆ ಕಡೆ ಕುಳಿತಿದ್ದಾರೆ, ನಡುವೆ ತಂತಿಯಿದೆ. ಬೆಳಿಗ್ಗೆ ಸರಿಯಿದ್ದ ಸುದ್ದಿ ಮಧ್ಯಾಹ್ನ ಇದ್ದಕ್ಕಿದ್ದಂತೆ ನಿಲ್ಲಬಹುದು.

ಹಳೆಯದನ್ನು ಹೊಗಳುವುದು ನಿವೃತ್ತರಿಗೆ ಸುಲಭವಾಗಿ ಅಂಟುವ ಚಟ. 1980ರ ದಶಕದ ಕೊನೆಯಲ್ಲಿ ಬರ ಪರಿಶೀಲನೆಗೆಂದು ಕಪ್ಪತಗುಡ್ಡದ ಸೆರಗಿನ ಹಳ್ಳಿಗಳಿಗೆ ಹೋಗುತ್ತಿದ್ದ ಸರ್ಕಾರಿ ಡೀಸೆಲ್ ಜೀಪನ್ನು ನಮ್ಮ ಚಾಲಕರು ಸದಾ ಇಳಿಜಾರು ಹುಡುಕಿ ನಿಲ್ಲಿಸುತ್ತಿದ್ದರು. ಬ್ಯಾಟರಿ ಸತ್ತಿದ್ದರೂ ಉರುಳಿಸಿ ಚಾಲು ಮಾಡಿದರೆ ದಿನವಿಡೀ ಓಡುತ್ತಿತ್ತು, ಆ ಎಂಜಿನ್ನಿಗೆ ವಿದ್ಯುತ್ತಿನ ಹಂಗೇ ಇರಲಿಲ್ಲ. ನಿಜ. ಆದರೆ ಅದೇ ಜೀಪು ಬಿಡುತ್ತಿದ್ದ ಕಪ್ಪು ಹೊಗೆಯನ್ನು ಹಿಂದೆ ಬರುತ್ತಿದ್ದ ಸೈಕಲ್ ಸವಾರ ಕುಡಿಯುತ್ತಿದ್ದ ಎಂಬುದೂ ನಿಜ. ಹೊಗೆಯ ಬೆಲೆಯನ್ನು ಗಾಡಿಯ ಒಡೆಯ ಕೊಡುವುದಿಲ್ಲ, ದಾರಿಹೋಕ ಕೊಡುತ್ತಾನೆ. ಅರ್ಥಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಗೂ ಈ ಬಾಹ್ಯ ವೆಚ್ಚದ ಪಾಠ ಗೊತ್ತು. ಇಂಧನವನ್ನು ಅಳೆದು ಸುಡದೆ ಹೊಗೆಯನ್ನು ಇಷ್ಟು ಇಳಿಸುವ ಉಪಾಯವನ್ನು ಯಾರೂ ಕಂಡುಹಿಡಿದಿಲ್ಲ. ಆದಕಾರಣ ಸೆನ್ಸರ್ ಇರಲೇಬೇಕು. ವಿಚಾರಿಸಬೇಕಾದುದು, ಸೆನ್ಸರ್ ಕೆಟ್ಟ ದಿನ ಎಂಜಿನ್ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು.

ಇದಕ್ಕೆ ಆಡಳಿತದಲ್ಲಿ ಒಂದು ಹೋಲಿಕೆಯಿದೆ. ಒಂದು ಹಳ್ಳಿಯ ತಲಾಟಿಯಿಂದ ಬೆಳೆಯ ವರದಿ ಬರಲಿಲ್ಲವೆಂದು ತಹಶೀಲ್ದಾರರು ತಾಲ್ಲೂಕಿನ ಆಣೆವಾರಿಯನ್ನೇ ನಿಲ್ಲಿಸುವುದಿಲ್ಲ. ಪಕ್ಕದ ಹಳ್ಳಿಯ ವರದಿ, ಹೋಬಳಿಯ ಮಳೆಮಾಪನದ ಅಂಕಿ, ಕಳೆದ ವರ್ಷದ ದಾಖಲೆ ನೋಡಿ ಒಂದು ಅಂದಾಜು ಮಾಡಿ, ಅದರ ಮುಂದೆ ‘ಅಂದಾಜು’ ಎಂದು ಬರೆದು ಕೆಲಸ ಮುಂದುವರಿಸುತ್ತಾರೆ. ಒಳ್ಳೆಯ ಎಂಜಿನ್ ವಿನ್ಯಾಸವೂ ಹೀಗೆಯೇ. ನೀರಿನ ಬಿಸಿ ಹೇಳುವ ಸೆನ್ಸರ್ ಮೌನವಾದರೆ ಗಣಕವು ಎಂಜಿನ್ ಬಿಸಿಯಾಗಿಯೇ ಇದೆಯೆಂದು ಒಂದು ನಿಗದಿತ ಅಂಕಿಯನ್ನು ಹಿಡಿದು, ಮುಂಜಾಗ್ರತೆಗಾಗಿ ಫ್ಯಾನನ್ನು ಪೂರ್ಣ ವೇಗದಲ್ಲಿ ತಿರುಗಿಸಿಬಿಡುತ್ತದೆ. ಗಾಳಿಯ ಪ್ರಮಾಣ ಹೇಳುವ ಸೆನ್ಸರ್ ಸತ್ತರೆ ಎಂಜಿನ್ನಿನ ವೇಗ, ಒಳಗಾಳಿಯ ಒತ್ತಡ ಮತ್ತು ಉಷ್ಣತೆಗಳಿಂದ ಆ ಪ್ರಮಾಣವನ್ನು ಲೆಕ್ಕಹಾಕಿ ತೆಗೆಯಬಹುದು. ಪೆಡಲಿನಲ್ಲಿ ಒಂದರ ಬದಲು ಎರಡು ಸೆನ್ಸರ್‌ಗಳಿರುತ್ತವೆ. ಎರಡೂ ಒಂದೇ ಮಾತು ಹೇಳುವವರೆಗೆ ನಂಬಿಕೆ, ಭಿನ್ನ ಮಾತು ಬಂದರೆ ಕಡಿಮೆ ವೇಗ. ಎಂಜಿನಿಯರುಗಳು ಇದಕ್ಕೆ ‘ಲಿಂಪ್ ಹೋಮ್’ ಎನ್ನುತ್ತಾರೆ. ಕುಂಟುತ್ತಲಾದರೂ ಮನೆ ಸೇರು ಎಂದರ್ಥ.

ಕ್ರ್ಯಾಂಕ್ ಸೆನ್ಸರ್‌ನ ವಿಷಯ ಇಷ್ಟು ಸುಲಭವಲ್ಲ. ಪಿಸ್ಟನ್ ಎಲ್ಲಿದೆಯೆಂದು ತಿಳಿಯದೆ ಇಂಧನ ಚುಚ್ಚುವಂತಿಲ್ಲ. ಕೆಲವು ಎಂಜಿನ್ನುಗಳು ಆಗ ಕ್ಯಾಮ್ ಸೆನ್ಸರ್‌ನ ಸುದ್ದಿಯನ್ನೇ ಆಧಾರವಾಗಿಟ್ಟುಕೊಂಡು ಒರಟೊರಟಾಗಿ ಓಡುತ್ತವೆ. ಹಲವು ಎಂಜಿನ್ನುಗಳು ಅಲ್ಲಿಯೇ ನಿಲ್ಲುತ್ತವೆ. ಎರಡೂ ಬಗೆಯವು ಒಂದೇ ಮಾರುಕಟ್ಟೆಯಲ್ಲಿ ಇರುವಾಗ, ಕೊಳ್ಳುವವನಿಗೆ ಯಾವುದು ಯಾವ ಬಗೆಯದು ಎಂದು ತಿಳಿಯುವ ದಾರಿಯೇ ಇಲ್ಲ. ಸಣ್ಣ ವಿಮಾನಗಳ ಪಿಸ್ಟನ್ ಎಂಜಿನ್ನುಗಳಲ್ಲಿ ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್, ಅವಕ್ಕೆ ಎರಡು ಪ್ರತ್ಯೇಕ ಮ್ಯಾಗ್ನೆಟೋಗಳನ್ನು ಇಡುವ ಸಂಪ್ರದಾಯ ಬಹಳ ಹಳೆಯದು. ಹಾರುವ ಮೊದಲು ಪೈಲಟ್ ಒಂದನ್ನು ಆರಿಸಿ, ಇನ್ನೊಂದರ ಮೇಲೆ ಎಂಜಿನ್ ಓಡುತ್ತದೆಯೇ ಎಂದು ಪರೀಕ್ಷಿಸುತ್ತಾನೆ. ಆಕಾಶದಲ್ಲಿ ಗ್ಯಾರೇಜಿಲ್ಲ ಎಂಬುದೇ ಅದರ ಹಿಂದಿನ ತರ್ಕ. ರಾತ್ರಿ ಹತ್ತರ ನಂತರ ಮುಂಡರಗಿ-ಶಿರಹಟ್ಟಿ ರಸ್ತೆಯಲ್ಲಿಯೂ ಗ್ಯಾರೇಜಿಲ್ಲ.

ಮೌನಕ್ಕಿಂತ ಸುಳ್ಳು ಅಪಾಯಕಾರಿ. ತಂತಿ ಕಡಿದರೆ ಬರುವ ಸಂಕೇತ ಅಸಾಧ್ಯವಾದ ಅಂಕಿಯಾಗಿರುತ್ತದೆ. ಗಣಕ ಅದನ್ನು ತಕ್ಷಣ ಹಿಡಿಯುತ್ತದೆ. ಆದರೆ ನೀರು ಕುದಿಯುತ್ತಿರುವಾಗ 60 ಡಿಗ್ರಿ ಎಂದೇ ಹೇಳುತ್ತ ಕುಳಿತ ಸೆನ್ಸರ್‌ನ್ನು ಹಿಡಿಯುವುದು ಹೇಗೆ? ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯಗಳು ನನಗೆ ಬಹಳ ಮೆಚ್ಚಿಗೆಯಾದವು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ನೀರು, ಒಳಗಾಳಿ, ಇಂಧನ ಎಲ್ಲದರ ಉಷ್ಣತೆಯೂ ಬೆಳಿಗ್ಗೆ ಹೆಚ್ಚುಕಡಿಮೆ ಒಂದೇ ಇರಬೇಕು. ಒಬ್ಬ ಮಾತ್ರ ಬೇರೆ ಅಂಕಿ ಹೇಳಿದರೆ ಅವನೇ ಸುಳ್ಳುಗಾರ. ಕೀಲಿ ತಿರುಗಿಸಿ ಎಂಜಿನ್ ಚಾಲು ಮಾಡುವ ಮೊದಲು, ಒಳಗಾಳಿಯ ಒತ್ತಡದ ಸೆನ್ಸರ್ ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಶೇ 7ರಷ್ಟು ಕಡಿಮೆ. ಬೆಟಗೇರಿಯಲ್ಲಿ ನಿಂತ ಗಾಡಿಯ ಸೆನ್ಸರ್ ಮಂಗಳೂರಿನ ಒತ್ತಡ ತೋರಿಸುತ್ತಿದ್ದರೆ ಅನುಮಾನಪಡಬೇಕು. ಸುಳ್ಳು ಸುದ್ದಿಯನ್ನು ಪರೀಕ್ಷಿಸದೆ ನಂಬಿದರೆ ಏನಾಗುತ್ತದೆ ಎಂಬುದನ್ನು ಜಗತ್ತು ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳಲ್ಲಿ ಕಂಡಿದೆ. 2018ರ ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾದಲ್ಲಿ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ ಒಟ್ಟು 346 ಜನ ಸತ್ತರು. ಎಂಜಿನ್ನುಗಳು ಸರಿಯಾಗಿಯೇ ಇದ್ದವು. ವಿಮಾನದ ಮೂಗು ಎಷ್ಟು ಮೇಲಿದೆ ಎಂದು ಹೇಳುವ ಎರಡು ಸೆನ್ಸರ್‌ಗಳಿದ್ದರೂ ತಂತ್ರಾಂಶ ಒಂದರ ಮಾತನ್ನು ಮಾತ್ರ ಕೇಳುತ್ತಿತ್ತು.

ಇನ್ನೊಂದು ಬಗೆಯ ನಿಲುಗಡೆಯಿದೆ, ಅದನ್ನು ಪ್ರತ್ಯೇಕವಾಗಿ ನೋಡಬೇಕು. ಆಯಿಲಿನ ಒತ್ತಡ ಕುಸಿದಾಗ ಎಂಜಿನ್ ತಾನಾಗಿ ನಿಂತರೆ ಅದು ತನ್ನ ಪ್ರಾಣ ಉಳಿಸಿಕೊಳ್ಳಲು ನಿಂತದ್ದು. ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ದೊಡ್ಡ ಡೀಸೆಲ್ ಗಾಡಿಗಳಲ್ಲಿ ಹೊಗೆಯ ನೈಟ್ರೋಜನ್ ಆಕ್ಸೈಡ್‌ಗಳನ್ನು ಇಳಿಸಲು ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆಯಿದೆ. ಚಾಲಕರ ಬಾಯಲ್ಲಿ ಅದು ‘ಯೂರಿಯಾ’ ಅಥವಾ ‘ಡೆಫ್’. ಈ ದ್ರಾವಣ ಮುಗಿದರೆ ಅಥವಾ ಅದರ ಸೆನ್ಸರ್ ಕೆಟ್ಟರೆ ಎಂಜಿನ್ನಿನ ಆರೋಗ್ಯಕ್ಕೆ ಏನೂ ಆಗುವುದಿಲ್ಲ. ಆದರೂ ನಿಯಮ ಗಾಡಿಯ ಬಲವನ್ನು ಕಸಿಯುತ್ತದೆ. ನಮ್ಮ ಬಿಎಸ್-6ಕ್ಕೆ ಮಾದರಿಯಾದ ಯುರೋಪಿನ ಯುರೋ-6 ನಿಯಮದಲ್ಲಿ ಭಾರಿ ವಾಹನಗಳಿಗೆ ಮೊದಲು ಶೇ 25ರಷ್ಟು ಬಲ ಕಡಿತ, ಕೊನೆಗೆ ಗಂಟೆಗೆ 20 ಕಿ.ಮೀ. ವೇಗದ ಮಿತಿ. ದ್ರಾವಣದ ಬದಲು ನೀರು ಸುರಿದು ಓಡಿಸುವವರು ಎಲ್ಲ ದೇಶಗಳಲ್ಲಿಯೂ ಇರುವುದರಿಂದ ಈ ಬಿಗಿ ಬಂದಿದೆ. ಅದರ ಉದ್ದೇಶವನ್ನು ನಾನು ಒಪ್ಪುತ್ತೇನೆ. ಆದರೆ ತೊಟ್ಟಿಯನ್ನು ಬರಿದಾಗಿಟ್ಟ ಮಾಲೀಕನನ್ನೂ, ತೊಟ್ಟಿ ತುಂಬಿದ್ದು ಸೆನ್ಸರ್ ಮಾತ್ರ ಸತ್ತಿರುವ ಮಾಲೀಕನನ್ನೂ ಒಂದೇ ಶಿಕ್ಷೆಗೆ ಗುರಿಪಡಿಸುವುದು ಯಾವ ನ್ಯಾಯ? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ 2025ರ ಆಗಸ್ಟ್‌ನಲ್ಲಿ, ಗಾಡಿಗಳು ಹಠಾತ್ತನೆ ಬಲ ಕಳೆದುಕೊಳ್ಳದಂತೆ ತಂತ್ರಾಂಶ ಬದಲಿಸಬೇಕೆಂದು ತಯಾರಕರಿಗೆ ಸೂಚಿಸಿತು. ರೈತರು ಮತ್ತು ಲಾರಿ ಮಾಲೀಕರ ಬಹುಕಾಲದ ದೂರು ಅದಕ್ಕೆ ಕಾರಣವಾಗಿತ್ತು. ತುರ್ತು ಸೇವೆಯ ವಾಹನಗಳಿಗೆ ಯುರೋಪಿನ ನಿಯಮದಲ್ಲಿಯೇ ವಿನಾಯಿತಿಗೆ ಅವಕಾಶವಿದೆ.

ಗದಗ ಸೀಮೆಯಲ್ಲಿ ಸೆನ್ಸರ್‌ಗಳು ಕೆಡುವುದಾದರೂ ಏಕೆ? ಗ್ಯಾರೇಜುಗಳಲ್ಲಿ ಕುಳಿತು ಕೇಳಿದರೆ ಸಿಗುವ ಉತ್ತರ ಸೆನ್ಸರ್‌ಗಿಂತ ಹೆಚ್ಚಾಗಿ ತಂತಿಯ ಬಗ್ಗೆ ಇರುತ್ತದೆ. ಸುಗ್ಗಿ ಮುಗಿದು ಕಾಳಿನ ಚೀಲಗಳ ಪಕ್ಕದಲ್ಲಿ ನಿಲ್ಲಿಸಿದ ಗಾಡಿಯ ತಂತಿಗಳನ್ನು ಇಲಿ ಕಡಿಯುತ್ತದೆ. ಬೇಸಿಗೆಯ ಧೂಳು ಏರ್ ಫಿಲ್ಟರ್ ದಾಟಿ ಗಾಳಿ ಅಳೆಯುವ ಸೆನ್ಸರ್‌ನ ಸೂಕ್ಷ್ಮ ತಂತಿಯ ಮೇಲೆ ಕೂರುತ್ತದೆ. ಎರೆಮಣ್ಣಿನ ಕೆಸರು ತೊಳೆಯಲೆಂದು ಸರ್ವಿಸ್ ಸ್ಟೇಷನ್ನಿನವರು ಜೋರು ನೀರು ಬಿಟ್ಟಾಗ ಅದು ಕನೆಕ್ಟರ್‌ಗಳ ಒಳಗೆ ಸೇರಿ ಹಿತ್ತಾಳೆಯ ತುದಿಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಬ್ಯಾಟರಿಯಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿ ಸಡಿಲವಾಗಿದ್ದರೆ ಒಂದಲ್ಲ, ಹತ್ತು ಸೆನ್ಸರ್‌ಗಳು ಒಮ್ಮೆಗೇ ಸುಳ್ಳು ಹೇಳತೊಡಗುತ್ತವೆ. ಎಲ್ಲಕ್ಕಿಂತ ದುಬಾರಿಯಾದದ್ದು ವೆಲ್ಡಿಂಗ್. ಗೂಡ್ಸ್ ಗಾಡಿಯ ಬಾಡಿಗೆ ಒಂದು ಕಬ್ಬಿಣದ ಪಟ್ಟಿ ಹಚ್ಚುವಾಗ ಬ್ಯಾಟರಿಯ ಸಂಪರ್ಕ ತೆಗೆಯದಿದ್ದರೆ ಗಣಕವೇ ಸುಡಬಹುದು. ಐದು ನಿಮಿಷದ ಉಳಿತಾಯಕ್ಕೆ ಗಾಡಿಯ ಮಿದುಳನ್ನೇ ಕೊಡಬೇಕಾಗುತ್ತದೆ. ಇನ್ನು ಡೀಸೆಲ್ ಗಾಡಿಯ ಮಸಿ ಹಿಡಿಯುವ ಫಿಲ್ಟರ್ ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳಲು ಸ್ವಲ್ಪ ಹೊತ್ತು ಒಂದೇ ವೇಗದ ಓಟ ಬೇಕು. ಹೊಲದಿಂದ ಊರಿಗೆ, ಊರಿಂದ ಸಂತೆಗೆ ಐದಾರು ಕಿಲೋಮೀಟರ್ ಓಡುವ ಗಾಡಿಗೆ ಆ ಅವಕಾಶವೇ ಸಿಗುವುದಿಲ್ಲ. ಈ ಎಂಜಿನ್ನುಗಳ ಕಲ್ಪನೆಯಲ್ಲಿ ಹೆದ್ದಾರಿಯಿದ್ದಷ್ಟು ನಮ್ಮ ಹೊಲದ ದಾರಿ ಇಲ್ಲ.

ಇಲ್ಲಿ ಮೆಕ್ಯಾನಿಕ್‌ಗಳ ಒಂದು ಅಭ್ಯಾಸವನ್ನೂ ಹೇಳಬೇಕು. ಸ್ಕ್ಯಾನರ್ ಹಚ್ಚಿದಾಗ ಯಾವುದೋ ಸೆನ್ಸರ್‌ನ ಕೋಡ್ ಬಂದರೆ ತಕ್ಷಣ ಆ ಸೆನ್ಸರ್ ಬದಲಿಸಿಬಿಡುವುದು. ಕೋಡ್ ಎಂಬುದು ದೂರು ಅರ್ಜಿಯೇ ಹೊರತು ತೀರ್ಪಲ್ಲ. ಅದು ಹೇಳುವುದು ಆ ಸರ್ಕ್ಯೂಟಿನಿಂದ ಸರಿಯಾದ ಸುದ್ದಿ ಬರುತ್ತಿಲ್ಲ ಎಂದಷ್ಟೇ. ತಂತಿ, ಕನೆಕ್ಟರ್, ಅರ್ಥ್ ಇವನ್ನು ಮಲ್ಟಿಮೀಟರ್ ಹಿಡಿದು ನೋಡಿದ ಮೇಲೆ ಸೆನ್ಸರ್ ಬದಲಿಸುವವನೇ ಒಳ್ಳೆಯ ಮೆಕ್ಯಾನಿಕ್. ಅಂಥವರು ಗದಗ-ಬೆಟಗೇರಿಯಲ್ಲಿ ಇದ್ದಾರೆ. ಡೀಸೆಲ್ ಪಂಪು ಬಿಚ್ಚಿ ಜೋಡಿಸುವುದರಲ್ಲಿ ಕೈ ಪಳಗಿಸಿಕೊಂಡ ಹಿರಿಯರ ಮಕ್ಕಳು ಈಗ ಮಲ್ಟಿಮೀಟರ್ ಹಿಡಿದಿದ್ದಾರೆ. ಅವರಿಗೆ ಕೈಗುಣವಿದೆ. ಕೊರತೆಯಿರುವುದು ಮಾಹಿತಿಯದು.

ಈ ಕೊರತೆಯ ಬೆಲೆ ಎಷ್ಟು? ಒಂದು ಉದಾಹರಣೆ ಇಟ್ಟುಕೊಳ್ಳೋಣ. ಲಕ್ಷ್ಮೇಶ್ವರದ ಒಬ್ಬರ ಗೂಡ್ಸ್ ಗಾಡಿ ಖರ್ಚು ಕಳೆದು ದಿನಕ್ಕೆ 1,500 ರೂಪಾಯಿ ದುಡಿಯುತ್ತದೆ ಎಂದುಕೊಳ್ಳಿ. ಕೆಟ್ಟ ಸೆನ್ಸರ್‌ನ ಬೆಲೆ 2,000 ರೂಪಾಯಿ. ಕಂಪನಿಯ ಅಧಿಕೃತ ವರ್ಕ್‌ಶಾಪು ಹುಬ್ಬಳ್ಳಿಯಲ್ಲಿದೆ. ಗಾಡಿಯನ್ನು ಎಳೆಸಿಕೊಂಡು ಹೋಗಲು 4,000. ಅಲ್ಲಿ ಸರದಿ ಬರಲು, ಬಿಡಿಭಾಗ ತರಿಸಲು ನಾಲ್ಕು ದಿನ. ಬಿಲ್ಲಿನಲ್ಲಿ ಕಾಣುವುದು ಸೆನ್ಸರ್ ಮತ್ತು ಮಜೂರಿ ಮಾತ್ರ. ಆದರೆ ಎಳೆತಕ್ಕೆ 4,000, ನಾಲ್ಕು ದಿನದ ದುಡಿಮೆ 6,000 ಸೇರಿ ಮಾಲೀಕ ಕಳೆದುಕೊಂಡದ್ದು ಬಿಡಿಭಾಗದ ಐದು ಪಟ್ಟು. ಗಾಡಿಯ ಕಂತು ಆ ನಾಲ್ಕು ದಿನ ನಿಲ್ಲುವುದಿಲ್ಲ. ಬಿತ್ತನೆಯ ಹದ ತಪ್ಪಿದರೆ ಆಗುವ ನಷ್ಟವನ್ನು ನಾನಿಲ್ಲಿ ಸೇರಿಸಿಯೇ ಇಲ್ಲ. ಅದೇ ಗಾಡಿ ಅರ್ಧ ವೇಗದಲ್ಲಿ ಕುಂಟುತ್ತಲಾದರೂ ಗದಗ ಮುಟ್ಟಿ, ಅಲ್ಲಿನ ಮೆಕ್ಯಾನಿಕ್ ಕೋಡ್ ಓದಿ, ತಂತಿಯನ್ನೋ ಸೆನ್ಸರ್‌ನ್ನೋ ಸರಿಪಡಿಸಿ, ಗಣಕದ ದಾಖಲೆ ಅಳಿಸಬಲ್ಲವನಾದರೆ ಇಡೀ ನಷ್ಟ ಅರ್ಧ ದಿನಕ್ಕೆ ಇಳಿಯುತ್ತದೆ. ನಗರದವರಿಗೆ ಸೆನ್ಸರ್ ದೋಷ ಒಂದು ಕಿರಿಕಿರಿ. ಶಿರಹಟ್ಟಿಯ ಹಳ್ಳಿಯವನಿಗೆ ಅದು ದೂರದ ಮೇಲೆ ಹಾಕಿದ ತೆರಿಗೆ.

ಸರ್ಕಾರಿ ಬಸ್ಸುಗಳ ಸ್ಥಿತಿ ಇಷ್ಟು ಕೆಟ್ಟದ್ದಲ್ಲ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ತನ್ನದೇ ಘಟಕಗಳು, ತನ್ನದೇ ಮೆಕ್ಯಾನಿಕ್‌ಗಳು ಇದ್ದಾರೆ; ಉಪಕರಣ ಕೊಳ್ಳುವ ಶಕ್ತಿಯಿದೆ. ಆದರೆ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗತೊಡಗಿದ ಮೇಲೆ ಸಾರಿಗೆ ಸಂಸ್ಥೆಗಳಲ್ಲಿ ಹಳೆಯ ಯಾಂತ್ರಿಕ ಬಸ್ಸುಗಳು ಕಡಿಮೆಯಾಗುತ್ತ, ಸೆನ್ಸರ್ ಬಸ್ಸುಗಳ ಪಾಲು ಹೆಚ್ಚುತ್ತಿದೆ. ಅದೇ ವರ್ಷದ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಬಸ್ಸುಗಳು ತುಂಬಿ ಹರಿಯತೊಡಗಿದವು. ಒಂದು ಬಸ್ಸು ದಾರಿಯಲ್ಲಿ ನಿಂತರೆ ನಿಲ್ಲುವವರ ಸಂಖ್ಯೆ ಈಗ ಮೊದಲಿಗಿಂತ ದೊಡ್ಡದು.

ಮಾಹಿತಿಯ ಬಾಗಿಲು ಮುಚ್ಚಿರುವುದು ಆಕಸ್ಮಿಕವಲ್ಲ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ತಯಾರಕರಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಬಿಡಿಭಾಗಗಳನ್ನೂ, ದೋಷ ಪತ್ತೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆಯಲಾಗಿದೆ ಎಂಬುದು ಆರೋಪದ ಸಾರ. ದಂಡದ ಮೊತ್ತದ ಮೇಲೆ ಮೇಲ್ಮನವಿಗಳು ನಡೆದವು. ಆದರೆ ಆಯೋಗ ಗುರುತಿಸಿದ ಕಾಯಿಲೆ ಸರಿಯಾದುದೇ. ಗಾಡಿ ಕೊಳ್ಳುವಾಗ ಗಿರಾಕಿಗೆ ಹತ್ತು ಅಂಗಡಿಗಳ ಆಯ್ಕೆಯಿರುತ್ತದೆ. ಕೊಂಡ ಮರುದಿನದಿಂದ ಅವನು ಒಂದೇ ಅಂಗಡಿಯ ಒಕ್ಕಲು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ಸ್ವತಂತ್ರ ಗ್ಯಾರೇಜುಗಳಿಗೂ ಈ ಮಾಹಿತಿ ಸಿಗಬೇಕೆಂದು 2012ರಲ್ಲಿಯೇ ಕಾನೂನು ಮಾಡಿತು. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ವ್ಯಾಪಾರ ಆಯೋಗ ಟ್ರ್ಯಾಕ್ಟರ್ ಕಂಪನಿ ಜಾನ್ ಡಿಯರ್ ವಿರುದ್ಧ ದುರಸ್ತಿಯ ಏಕಸ್ವಾಮ್ಯದ ಮೊಕದ್ದಮೆ ಹೂಡಿತು. ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ದುರಸ್ತಿ ಹಕ್ಕು’ ಕುರಿತು ಸಮಿತಿ ರಚಿಸಿ, ಅದೇ ಡಿಸೆಂಬರ್‌ನಲ್ಲಿ ಜಾಲತಾಣವನ್ನೂ ತೆರೆಯಿತು. ಕೃಷಿ ಯಂತ್ರ, ವಾಹನ ಎರಡೂ ಅದರ ವ್ಯಾಪ್ತಿಯಲ್ಲಿವೆ. ಜಾಲತಾಣ ಕಾನೂನಲ್ಲ. ಮಾಹಿತಿ ಕೊಡದ ಕಂಪನಿಗೆ ಏನು ಶಿಕ್ಷೆ ಎಂಬುದನ್ನು ಹೇಳದ ಹಕ್ಕು, ಇಸಿಯು ಇಲ್ಲದ ಸೆನ್ಸರ್‌ನಂತೆ.

ಕಂಪನಿಗಳು ಸುರಕ್ಷತೆಯ ಪ್ರಶ್ನೆಯೆತ್ತುತ್ತವೆ. ಗಣಕವನ್ನು ಎಲ್ಲರಿಗೂ ತೆರೆದರೆ ಹೊಗೆ ನಿಯಂತ್ರಣವನ್ನೇ ಕಿತ್ತುಹಾಕುವವರು ಬರುತ್ತಾರೆ ಎಂಬ ಅವರ ಮಾತಿನಲ್ಲಿ ಹುರುಳಿದೆ. ಈಗಲೇ ಯೂರಿಯಾ ವ್ಯವಸ್ಥೆಗೆ ಸುಳ್ಳು ಸಂಕೇತ ಕೊಡುವ ಪೆಟ್ಟಿಗೆಗಳು ಕಳ್ಳದಾರಿಯಲ್ಲಿ ಮಾರಾಟವಾಗುತ್ತಿವೆ. ಆದರೆ ಅವುಗಳನ್ನು ಕೊಳ್ಳುವವನ ಸ್ಥಿತಿಯನ್ನೂ ನೋಡಬೇಕು. ನೇರ ದುರಸ್ತಿಗೆ ನಾಲ್ಕು ದಿನ, ಕಳ್ಳಪೆಟ್ಟಿಗೆಗೆ ಒಂದು ಗಂಟೆ ಎಂದಾದರೆ ಜನ ಯಾವ ಕಡೆ ಹೋಗುತ್ತಾರೆಂದು ಹೇಳಲು ಎಂ.ಎ. ಪದವಿ ಬೇಕಿಲ್ಲ. ಕೋಡ್ ಓದುವುದಕ್ಕೆ, ಸೆನ್ಸರ್ ಬದಲಿಸಿ ದಾಖಲೆ ಅಳಿಸುವುದಕ್ಕೆ ಅವಕಾಶ ಕೊಟ್ಟು, ಹೊಗೆಯ ಮಿತಿಗಳನ್ನು ತಿದ್ದುವುದಕ್ಕೆ ಬೀಗ ಹಾಕುವುದು ತಾಂತ್ರಿಕವಾಗಿ ಕಷ್ಟವೇನಲ್ಲ.

ಒಳ್ಳೆಯ ಸ್ಕ್ಯಾನರ್ ಒಬ್ಬ ಸಣ್ಣ ಗ್ಯಾರೇಜಿನವನಿಗೆ ದುಬಾರಿ, ಅದರ ತಂತ್ರಾಂಶದ ವಾರ್ಷಿಕ ಚಂದಾ ಇನ್ನೂ ದುಬಾರಿ. ಒಬ್ಬನಿಗೆ ಭಾರವಾದುದನ್ನು ಹಲವರು ಸೇರಿ ಹೊರುವ ವಿದ್ಯೆ ಗದಗಿಗೆ ಹೊಸತಲ್ಲ. ಇಲ್ಲಿಂದ ಕೂಗಳತೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ಇಂದು ಹೋಬಳಿ ಮಟ್ಟದಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಿವೆ. ಅಲ್ಲಿ ನೇಗಿಲು, ರೋಟವೇಟರ್‌ಗಳ ಪಕ್ಕದಲ್ಲಿ ಹಲವು ಕಂಪನಿಗಳ ಗಾಡಿಗಳಿಗೆ ಹೊಂದುವ ಒಂದು ಸ್ಕ್ಯಾನರ್ ಇಡಲು, ಹತ್ತಿರದ ಐಟಿಐಯಲ್ಲಿ ಕಲಿತ ಒಬ್ಬ ಹುಡುಗನನ್ನು ನೇಮಿಸಲು ತಗಲುವ ವೆಚ್ಚ ಒಂದು ಟ್ರ್ಯಾಕ್ಟರ್‌ನ ಸಬ್ಸಿಡಿಗಿಂತ ಹೆಚ್ಚಾಗಲಾರದು. ಊರಿನ ಮೆಕ್ಯಾನಿಕ್ ಅದನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಒಯ್ಯಲಿ.

ಕಾರುಗಳು ಅಪಘಾತದಲ್ಲಿ ಎಷ್ಟು ಸುರಕ್ಷಿತವೆಂದು ತಾರೆಗಳ ಮೂಲಕ ಹೇಳುವ ಭಾರತ್ ಎನ್‌ಸಿಎಪಿ 2023ರ ಅಕ್ಟೋಬರ್ 1ರಂದು ಆರಂಭವಾಯಿತು. ಡಿಕ್ಕಿಯ ಫಲಿತಾಂಶವನ್ನು ಕೊಳ್ಳುವವನಿಗೆ ತಿಳಿಸಬಹುದಾದರೆ, ಸೆನ್ಸರ್ ಸತ್ತಾಗ ಗಾಡಿ ಏನು ಮಾಡುತ್ತದೆ ಎಂಬುದನ್ನೂ ತಿಳಿಸಬಹುದು. ಕಂಪನಿಯ ಎಂಜಿನಿಯರುಗಳಿಗೆ ಇದು ಗೊತ್ತಿರುವ ವಿಷಯವೇ. ಪ್ರತಿಯೊಂದು ದೋಷಕ್ಕೂ ಗಣಕ ಏನು ಮಾಡಬೇಕೆಂದು ಬರೆದವರು ಅವರೇ ತಾನೆ! ಮೈಲೇಜ್ ಎಷ್ಟೆಂದು ಕೇಳುವ ಗಿರಾಕಿ ಇದನ್ನೂ ಕೇಳುವಂತಾಗಲು ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ರಾಜ್ಯ ಸರ್ಕಾರವೇ ಬಸ್ಸು, ಆಂಬುಲೆನ್ಸು, ಪೊಲೀಸ್ ಜೀಪುಗಳ ದೊಡ್ಡ ಗಿರಾಕಿ. ಮುಂದಿನ ಖರೀದಿಯ ಟೆಂಡರಿನಲ್ಲಿ ಎರಡು ಕಲಮುಗಳನ್ನು ಸೇರಿಸಿದರೆ ಸಾಕು. ಒಂದು, ಯಾವ ಯಾವ ಸೆನ್ಸರ್ ಕೆಟ್ಟರೆ ಗಾಡಿ ಎಷ್ಟು ವೇಗದಲ್ಲಿ, ಎಷ್ಟು ದೂರ ಓಡಬಲ್ಲದು ಎಂಬುದನ್ನು ಬಿಡ್‌ದಾರರು ಬರೆದುಕೊಟ್ಟು, ಪ್ರತಿ ಬಗೆಯ ಒಂದು ಗಾಡಿಯ ಸೆನ್ಸರ್‌ಗಳನ್ನು ಒಂದೊಂದಾಗಿ ಕಳಚಿ ಓಡಿಸಿ ತೋರಿಸಬೇಕು. ಎರಡು, ದೋಷ ಸಂಕೇತಗಳ ಪೂರ್ಣ ಪಟ್ಟಿ ಮತ್ತು ಅವನ್ನು ಓದುವ ಉಪಕರಣ ಗಾಡಿಯ ಜೊತೆಗೇ ಘಟಕಕ್ಕೆ ಬರಬೇಕು, ಪಟ್ಟಿ ಕನ್ನಡದಲ್ಲಿರಬೇಕು.